ಸೇನೆಯಿಂದ ಮರಳುವವರಿಗೆ ಕಾವಲುಗಾರನ ಕುರ್ಚಿ ಒಂದೇ ಏಕೆ?

ಅಗ್ನಿಪಥ ಯೋಜನೆಯ ಮೊದಲ ತಂಡದ ನಾಲ್ಕು ವರ್ಷಗಳ ಸೇವೆ 2026ರ ಕೊನೆಯಿಂದ ಮುಗಿಯತೊಡಗುತ್ತದೆ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಈ ಯೋಜನೆಯನ್ನು ಪ್ರಕಟಿಸಿದಾಗ, ಆ ವರ್ಷ ಮೂರೂ ಪಡೆಗಳಿಗೆ ಸೇರಿ 46 ಸಾವಿರ ಅಗ್ನಿವೀರರನ್ನು ಭರ್ತಿ ಮಾಡಿಕೊಳ್ಳುವುದಾಗಿ ಹೇಳಿತ್ತು. ನೌಕಾಪಡೆಗೆ ಆಯ್ಕೆಯಾದವರು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ, ವಾಯುಪಡೆಗೆ ಸೇರಿದವರು ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದರು. ಭೂಸೇನೆಯವರು ಆಯಾ ರೆಜಿಮೆಂಟಿನ ಕೇಂದ್ರಗಳಿಗೆ ಹೋದರು. ಅವರಲ್ಲಿ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು ಕಾಯಂ ಸೇವೆಗೆ ಉಳಿಯುತ್ತಾರೆ, ಮೂವರು ಮನೆಗೆ ಬರುತ್ತಾರೆ ಎಂಬುದು ಯೋಜನೆಯಲ್ಲೇ ಇರುವ ಷರತ್ತು. ಉಳಿಸಿಕೊಳ್ಳುವ ಪ್ರಮಾಣ ಹೆಚ್ಚಿಸಬೇಕು ಎಂಬ ಚರ್ಚೆ ನಡೆದೇ ಇದೆ. ಆದರೆ ಘೋಷಿತ ಲೆಕ್ಕವನ್ನೇ ಹಿಡಿದರೆ ಒಂದು ವರ್ಷದ ಭರ್ತಿಯಲ್ಲೇ 34 ಸಾವಿರಕ್ಕೂ ಹೆಚ್ಚು ಯುವಕ ಯುವತಿಯರು ಇಪ್ಪತ್ತೈದು ತುಂಬುವ ಆಸುಪಾಸಿನಲ್ಲಿ ಹೊಸ ಕೆಲಸ ಹುಡುಕಬೇಕಾಗುತ್ತದೆ.

ಇವರು ಬರುವುದಕ್ಕೆ ಮೊದಲೇ ಒಂದು ಸಾಲು ಅಲ್ಲಿ ನಿಂತಿದೆ. ಪ್ರತಿ ವರ್ಷ ಸುಮಾರು 60 ಸಾವಿರ ಸೈನಿಕರು ಮಾಮೂಲು ನಿವೃತ್ತಿಯಲ್ಲಿ ಹೊರಬರುತ್ತಾರೆ. ಊರಿನಲ್ಲಿ ‘ರಿಟೈರಾದ’ ಎಂದರೆ ಅರವತ್ತರ ಮುದುಕ ಕಣ್ಣ ಮುಂದೆ ಬರುತ್ತಾನೆ. ಸೇನೆಯಿಂದ ಬಂದ ಜವಾನನಿಗೆ ಮೂವತ್ತೈದೋ ನಲವತ್ತೋ. ಮಗಳು ಏಳನೇ ತರಗತಿ, ಮಗ ನಾಲ್ಕನೇ ತರಗತಿ, ಮನೆ ಅರ್ಧ ಕಟ್ಟಿದೆ, ತಂದೆಗೆ ವಯಸ್ಸಾಗಿದೆ. ಹದಿನೈದು ವರ್ಷ ಸೇವೆ ಮುಗಿಸಿದವನಿಗೆ ಪಿಂಚಣಿ ಬರುತ್ತದೆ, ಆಸ್ಪತ್ರೆ ಸೌಲಭ್ಯ ಇದೆ, ಕ್ಯಾಂಟೀನ್ ಕಾರ್ಡ್ ಇದೆ. ಬದುಕು ನಿಲ್ಲುವುದಿಲ್ಲ ನಿಜ. ಆದರೆ ದುಡಿಯುವ ಇಪ್ಪತ್ತು ವರ್ಷ ಇನ್ನೂ ಬಾಕಿ ಇರುತ್ತದೆ.

ಈ ಇಬ್ಬರನ್ನೂ ‘ಮಾಜಿ ಸೈನಿಕ’ ಎಂದು ಒಂದೇ ಮಾತಿನಲ್ಲಿ ಕರೆದುಬಿಡುವುದು ರೂಢಿ. ಕಾನೂನು ಹಾಗೆ ಕರೆಯುವುದಿಲ್ಲ. ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರನಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಭರ್ತಿ ಅಧಿಸೂಚನೆಯಲ್ಲೇ ಇದು ಸ್ಪಷ್ಟವಾಗಿದೆ. ಆದ್ದರಿಂದ ನೇಮಕಾತಿ ಪ್ರಕಟಣೆಯಲ್ಲಿ ‘ಮಾಜಿ ಸೈನಿಕರಿಗೆ ಮೀಸಲು’ ಎಂದು ಕಂಡ ಕೂಡಲೇ ಮಗನಿಗೂ ಅದು ಸಿಗುತ್ತದೆ ಎಂದು ಮನೆಯವರು ನೆಚ್ಚಿಕೊಳ್ಳುವಂತಿಲ್ಲ.

ಮೀಸಲು ಇರುವವರ ಕಥೆಯನ್ನೇ ಮೊದಲು ನೋಡೋಣ. ಕೇಂದ್ರ ಸರ್ಕಾರದ ಸಿ ವರ್ಗದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10, ಡಿ ವರ್ಗದಲ್ಲಿ ಶೇ 20 ಮೀಸಲು. ಸಾರ್ವಜನಿಕ ವಲಯದ ಬ್ಯಾಂಕು ಮತ್ತು ಉದ್ಯಮಗಳಲ್ಲಿ ಇದು ಶೇ 14.5 ಮತ್ತು ಶೇ 24.5. ಕರ್ನಾಟಕ ಸರ್ಕಾರದ ನೇಮಕಾತಿಗಳಲ್ಲೂ ಮಾಜಿ ಸೈನಿಕರಿಗೆ ಪ್ರತ್ಯೇಕ ಪಾಲು ಇದೆ. ಸಿ ವರ್ಗಕ್ಕೆ ಅರ್ಜಿ ಹಾಕುವಾಗ ಸೇವೆ ಸಲ್ಲಿಸಿದಷ್ಟು ವರ್ಷಗಳನ್ನು ವಯಸ್ಸಿನಿಂದ ಕಳೆದು, ಮೇಲೆ ಮೂರು ವರ್ಷ ರಿಯಾಯಿತಿ ಕೊಡುತ್ತಾರೆ. ಹತ್ತನೇ ತರಗತಿ ಪಾಸಾಗಿ ಸೇನೆಯ ಶಿಕ್ಷಣ ಪ್ರಮಾಣಪತ್ರದೊಂದಿಗೆ ಹದಿನೈದು ವರ್ಷ ಸೇವೆ ಮಾಡಿದವನನ್ನು, ಪದವಿ ಕೇಳುವ ತಾಂತ್ರಿಕವಲ್ಲದ ಸಿ ವರ್ಗದ ಹುದ್ದೆಗಳಿಗೂ ಅರ್ಹ ಎಂದು ಪರಿಗಣಿಸುವ ನಿಯಮವಿದೆ.

ಇಷ್ಟೆಲ್ಲ ಇದ್ದರೂ ಮಾಜಿ ಸೈನಿಕರ ಪಾಲಿನ ಹುದ್ದೆಗಳು ಪೂರ್ತಿ ತುಂಬುವುದಿಲ್ಲ. ಪುನರ್ವಸತಿ ಮಹಾನಿರ್ದೇಶನಾಲಯ ಕಲೆಹಾಕುವ ಅಂಕಿಅಂಶಗಳಲ್ಲಿ ವರ್ಷಗಳಿಂದ ಕಾಣುತ್ತಿರುವ ಸಂಗತಿ ಇದು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೀಸಲು ಎಂದರೆ ಪರೀಕ್ಷೆ ಬರೆಯಲು ಸಿಗುವ ಜಾಗ, ಕೈಗೆ ಬಂದ ಕೆಲಸವಲ್ಲ. ಸಿಯಾಚಿನ್‌ನಲ್ಲೋ ಅರುಣಾಚಲದಲ್ಲೋ ಹದಿನೇಳು ವರ್ಷ ಕಳೆದು ಬಂದವನು, ಕೋಚಿಂಗ್ ಕೇಂದ್ರದಲ್ಲಿ ಎರಡು ವರ್ಷ ಕೂತು ಬಂದ ಹುಡುಗನ ಜೊತೆ ಅದೇ ಗಣಿತ, ಅದೇ ಇಂಗ್ಲಿಷ್, ಅದೇ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು. ಕಟ್‌ಆಫ್ ಕಡಿಮೆ ಇದ್ದರೂ ಕನಿಷ್ಠ ಅಂಕ ಬರಲೇಬೇಕು. ವಾಯುಪಡೆಯಿಂದ ಬಂದವರು ಬ್ಯಾಂಕುಗಳಲ್ಲಿ ಹೆಚ್ಚು ಕಾಣಲು ಕಾರಣವೂ ಇದೇ: ಅವರಲ್ಲಿ ಅನೇಕರು ಸೇವೆಯಲ್ಲಿರುವಾಗಲೇ ಪದವಿ ಮುಗಿಸಿ, ಪುಸ್ತಕ ಹಿಡಿದು ಕೂತಿರುತ್ತಾರೆ.

ಅನೇಕರಿಗೆ ಗೊತ್ತಿರದೆ ನಷ್ಟವಾಗುವ ಒಂದು ವಿಷಯವೂ ಇದೆ. ಮಾಜಿ ಸೈನಿಕರ ಮೀಸಲಿನಲ್ಲಿ ಕೇಂದ್ರ ಸರ್ಕಾರದ ಒಂದು ನಾಗರಿಕ ಹುದ್ದೆಗೆ ಹಾಜರಾದ ಮೇಲೆ, ಇನ್ನೊಂದು ಹುದ್ದೆಗೆ ಅದೇ ಮೀಸಲು ಕೇಳಲು ಬರುವುದಿಲ್ಲ. ಆದರೆ ಹಾಜರಾಗುವ ಮೊದಲೇ ಬೇರೆ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಅವುಗಳ ವಿವರವನ್ನು ದಿನಾಂಕ ಸಹಿತ ಸ್ವಯಂ ಘೋಷಣೆಯಾಗಿ ಹೊಸ ಕಚೇರಿಗೆ ಬರೆದುಕೊಟ್ಟರೆ ಆ ಅರ್ಜಿಗಳಿಗೆ ಮೀಸಲು ಉಳಿಯುತ್ತದೆ. ಸಣ್ಣ ಹುದ್ದೆಗೆ ಅವಸರದಲ್ಲಿ ಸೇರಿ, ಆರು ತಿಂಗಳ ನಂತರ ಬಂದ ಒಳ್ಳೆಯ ಹುದ್ದೆ ಕಳೆದುಕೊಳ್ಳುವವರು ಒಂದು ಹಾಳೆ ಬರೆದುಕೊಡದ ತಪ್ಪಿಗೆ ಕಳೆದುಕೊಳ್ಳುತ್ತಾರೆ.

ಅಗ್ನಿವೀರರಿಗೆ ಬೇರೆ ಬಾಗಿಲುಗಳನ್ನು ತೆರೆಯಲಾಗಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಶೇ 10 ಹುದ್ದೆ, ಮೊದಲ ತಂಡಕ್ಕೆ ವಯಸ್ಸಿನಲ್ಲಿ ಐದು ವರ್ಷ, ಮುಂದಿನವರಿಗೆ ಮೂರು ವರ್ಷ ರಿಯಾಯಿತಿ. ದೈಹಿಕ ಸಾಮರ್ಥ್ಯ ಪರೀಕ್ಷೆಯಿಂದಲೂ ವಿನಾಯಿತಿ. 2025ರ ಡಿಸೆಂಬರ್‌ನಲ್ಲಿ ಗಡಿ ಭದ್ರತಾ ಪಡೆಯ ಕಾನ್‌ಸ್ಟೇಬಲ್ ಭರ್ತಿಯಲ್ಲಿ ಈ ಪಾಲನ್ನು ಶೇ 50ಕ್ಕೆ ಏರಿಸಲಾಯಿತು. ಹರಿಯಾಣ ಕಾನ್‌ಸ್ಟೇಬಲ್, ಅರಣ್ಯ ರಕ್ಷಕ ಮೊದಲಾದ ಹುದ್ದೆಗಳಲ್ಲಿ 2024ರಲ್ಲಿ ಶೇ 10, ಉತ್ತರ ಪ್ರದೇಶ ಪೊಲೀಸ್ ಭರ್ತಿಯಲ್ಲಿ ಶೇ 20 ಮೀಸಲು ಪ್ರಕಟಿಸಿವೆ. ಈ ರಾಜ್ಯಗಳ ಮೀಸಲಿನಿಂದ ಕರ್ನಾಟಕದ ಹುಡುಗನಿಗೆ ಆಗುವ ಲಾಭ ಅಷ್ಟಕ್ಕಷ್ಟೇ.

ಈ ಬಾಗಿಲುಗಳೆಲ್ಲ ಒಂದು ಸಮವಸ್ತ್ರದಿಂದ ಇನ್ನೊಂದಕ್ಕೆ ಒಯ್ಯುವಂಥವು ಎಂಬುದನ್ನು ಗಮನಿಸಬೇಕು. ಅದು ಬೇಕೆನ್ನುವವರಿಗೆ ಒಳ್ಳೆಯದೇ. ಆದರೆ ಬಂದೂಕು ಕೆಳಗಿಟ್ಟು ಊರಲ್ಲಿ, ಮನೆಯವರ ಜೊತೆ ಇದ್ದು ದುಡಿಯಬೇಕು ಎನ್ನುವವರಿಗೆ ಖಾಸಗಿ ಉದ್ಯೋಗ, ಸ್ವಂತ ವ್ಯಾಪಾರ, ಇಲ್ಲವೇ ಹೊಲ. ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿಯೇ.

ಖಾಸಗಿ ವಲಯದಲ್ಲಿ ಸೈನಿಕ ಎಂದ ಕೂಡಲೇ ಸಿಗುವ ಉತ್ತರ ಒಂದೇ: ಸೆಕ್ಯೂರಿಟಿ. ಅಪಾರ್ಟ್‌ಮೆಂಟ್ ಗೇಟು, ಎಟಿಎಂ, ಗೋದಾಮು, ಚಿನ್ನದಂಗಡಿಯ ಬಾಗಿಲು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯಲ್ಲೇ ಕಾವಲುಗಾರರ ನೇಮಕದಲ್ಲಿ ಸೇನೆ, ಪೊಲೀಸ್ ಮೊದಲಾದ ಪಡೆಗಳಲ್ಲಿ ಸೇವೆ ಮಾಡಿದವರಿಗೆ ಆದ್ಯತೆ ಕೊಡಬಹುದು ಎಂದಿದೆ. ಪುನರ್ವಸತಿ ಮಹಾನಿರ್ದೇಶನಾಲಯವೂ ಮಾಜಿ ಸೈನಿಕರ ಭದ್ರತಾ ಏಜೆನ್ಸಿಗಳನ್ನು ನೋಂದಾಯಿಸಿ ಸಾರ್ವಜನಿಕ ಉದ್ಯಮಗಳಿಗೆ ಒದಗಿಸುತ್ತದೆ. ಕೆಲಸ ಗೌರವದ್ದೇ, ಅದರಿಂದ ಸಾವಿರಾರು ಮನೆಗಳು ನಡೆಯುತ್ತಿವೆ. ತಕರಾರು ಇರುವುದು ಬೇರೆ ಕಡೆ. ಸೇನೆಯಲ್ಲಿ ಬಂದೂಕು ಹಿಡಿದು ಗಡಿಯಲ್ಲಿ ನಿಲ್ಲುವವರಷ್ಟೇ ಇಲ್ಲ. ಸೇನೆ ಎಂದರೆ ಲಾರಿ ಓಡಿಸುವವರು, ಎಂಜಿನ್ ಬಿಚ್ಚಿ ಜೋಡಿಸುವವರು, ರೇಷನ್ ಲೆಕ್ಕ ಇಡುವವರು, ರೇಡಿಯೋ ಮತ್ತು ಕಂಪ್ಯೂಟರ್ ಜಾಲ ನೋಡಿಕೊಳ್ಳುವವರು, ಸೇತುವೆ ಕಟ್ಟುವವರು, ಐನೂರು ಜನಕ್ಕೆ ಅಡುಗೆ ಮಾಡುವವರು, ಗಾಯಾಳುಗಳನ್ನು ನೋಡಿಕೊಳ್ಳುವವರು, ಕಚೇರಿ ಗುಮಾಸ್ತರು. ಇವರೆಲ್ಲರೂ ಹೊರಬಂದ ಮೇಲೆ ಒಂದೇ ಕುರ್ಚಿಯಲ್ಲಿ ಕೂರಬೇಕಾಗಿ ಬರುತ್ತಿರುವುದು ವಿಚಿತ್ರ.

ಹೀಗಾಗುವುದು ಏಕೆ? ಸೈನಿಕ ತಾನು ಮಾಡಿದ ಕೆಲಸವನ್ನು ಸೇನೆಯ ಭಾಷೆಯಲ್ಲೇ ಹೇಳುತ್ತಾನೆ, ಮಾಲೀಕನಿಗೆ ಆ ಭಾಷೆ ಗೊತ್ತಿಲ್ಲ. ಡಿಸ್ಚಾರ್ಜ್ ಬುಕ್‌ನಲ್ಲಿ ‘ಎಸ್‌ಕೆಟಿ’ ಎಂದು ಮೂರು ಅಕ್ಷರ ಇರುತ್ತದೆ. ಅದು ತಾಂತ್ರಿಕ ಉಗ್ರಾಣ ಪಾಲಕ ಎಂದು, ಅಂದರೆ ಬಿಡಿಭಾಗಗಳ ದಾಸ್ತಾನು, ಬಂದದ್ದು ಹೋದದ್ದು, ವಾರ್ಷಿಕ ತಪಾಸಣೆ ಎಲ್ಲವನ್ನೂ ವರ್ಷಗಟ್ಟಲೆ ನೋಡಿಕೊಂಡವನು ಎಂದು ಹುಬ್ಬಳ್ಳಿಯ ಔಷಧ ವಿತರಕನಿಗೆ ಯಾರು ಹೇಳಬೇಕು? ಆ ವಿತರಕ ಗೋದಾಮು ನೋಡಿಕೊಳ್ಳಲು ನಂಬಿಕಸ್ಥ ಮನುಷ್ಯ ಸಿಗುತ್ತಿಲ್ಲ ಎಂದು ಅಲವತ್ತುಕೊಳ್ಳುತ್ತಿರುತ್ತಾನೆ. ಇಬ್ಬರೂ ಒಂದೇ ಊರಿನಲ್ಲಿರುತ್ತಾರೆ.

ಬಯೋಡೇಟಾದಲ್ಲಿ ‘ಹವಾಲ್ದಾರ್, 17 ವರ್ಷ ಸೇವೆ, ಶಿಸ್ತು, ಪ್ರಾಮಾಣಿಕತೆ’ ಎಂದು ಬರೆದರೆ ಓದುವವನ ಮನಸ್ಸಿಗೆ ಗೇಟೇ ಬರುತ್ತದೆ. ‘ನಲವತ್ತು ವಾಹನಗಳ ದುರಸ್ತಿ ವೇಳಾಪಟ್ಟಿ, ಇಂಧನ ಲೆಕ್ಕ ಮತ್ತು ಹನ್ನೆರಡು ಚಾಲಕರ ಮೇಲ್ವಿಚಾರಣೆ’ ಎಂದು ಬರೆದರೆ ಅದೇ ಮನುಷ್ಯ ಟ್ರಾನ್ಸ್‌ಪೋರ್ಟ್ ಕಚೇರಿಯ ಮೇಲ್ವಿಚಾರಕನಾಗಿ ಕಾಣುತ್ತಾನೆ. ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ಹಣದ ಲೆಕ್ಕ, ಯಾವ ಯಂತ್ರ: ಇವು ನಾಲ್ಕನ್ನು ಬರೆಯದ ಬಯೋಡೇಟಾ ಸೈನಿಕನ ಅರ್ಧ ಸೇವೆಯನ್ನು ಮುಚ್ಚಿಡುತ್ತದೆ. ಸೇನೆಯ ಗೋಪ್ಯ ವಿವರಗಳನ್ನು, ಠಾಣೆಯ ಹೆಸರು ಜಾಗಗಳನ್ನು ಬರೆಯುವ ಅಗತ್ಯ ಇದಕ್ಕೆ ಇಲ್ಲ.

ಕಾಗದಪತ್ರದ ತೊಡಕು ಇನ್ನೊಂದು. ಸೇನಾ ಆಸ್ಪತ್ರೆಯಲ್ಲಿ ಹತ್ತು ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನಿಗೆ ಕೈಕೆಲಸ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಊರಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಬೇಕಾದರೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಕೇಳುತ್ತಾರೆ. ಭಾರೀ ವಾಹನ ಓಡಿಸಿದವನಿಗೆ ಸಾರಿಗೆ ಇಲಾಖೆಯ ಪರವಾನಗಿ ಬೇಕು. ವೆಲ್ಡಿಂಗ್, ಎಲೆಕ್ಟ್ರಿಕಲ್ ಕೆಲಸಕ್ಕೆ ಹೊರಗೆ ಒಪ್ಪುವ ಪ್ರಮಾಣಪತ್ರ ಬೇಕು. ಇವನ್ನು ಸೇವೆಯ ಕೊನೆಯ ಎರಡು ವರ್ಷಗಳಲ್ಲಿ ಮಾಡಿಸಿಕೊಳ್ಳುವುದು ಸುಲಭ, ಹೊರಬಂದ ಮೇಲೆ ಅಲೆದಾಟ. ಸಿಪಾಯಿಗಳಿಗೂ ಜೆಸಿಒಗಳಿಗೂ ಸೇವೆಯ ಕೊನೆಯ ವರ್ಷದಲ್ಲಿ ಪುನರ್ವಸತಿ ತರಬೇತಿ ಕೋರ್ಸ್‌ಗಳು ಇವೆ. ಅದನ್ನು ಒಂದಿಷ್ಟು ದಿನ ಮನೆ ಹತ್ತಿರ ಇರಲು ಸಿಕ್ಕ ರಜೆ ಎಂದುಕೊಳ್ಳುವವರೇ ಹೆಚ್ಚು. ‘ಯಾವ ಕೋರ್ಸ್ ತಗೊಂಡಿ?’ ಎಂದು ಮನೆಯವರು ಫೋನಿನಲ್ಲಿ ಕೇಳಿದರೂ ಸಾಕು, ಹತ್ತಿರದ ಕೇಂದ್ರ ಬಿಟ್ಟು ಕೆಲಸಕ್ಕೆ ಬರುವ ಕೋರ್ಸ್ ಆರಿಸುವ ಮನಸ್ಸು ಬಂದೀತು.

ಅಗ್ನಿವೀರನ ಮಟ್ಟಿಗೆ ಪದವಿಯೇ ದೊಡ್ಡ ಕೊರತೆ. ಹತ್ತನೇ ತರಗತಿ ಓದಿ ಸೇರಿದವರಿಗೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಕೊಡಿಸುವ ಏರ್ಪಾಡು ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಅಗ್ನಿವೀರರಿಗಾಗಿಯೇ ರೂಪಿಸಿದ ಮೂರು ವರ್ಷದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ಕೌಶಲ ತರಬೇತಿಗೇ ಸಿಗುತ್ತದೆ, ಉಳಿದರ್ಧ ಓದಿ ಪಾಸಾಗಬೇಕು. ಇದಕ್ಕೆ ನೋಂದಾಯಿಸಿಕೊಂಡು ಬಂದವನಿಗೂ, ಪಿಯುಸಿಗೇ ನಿಂತು ಬಂದವನಿಗೂ ಇಪ್ಪತ್ತೈದರ ವಯಸ್ಸಿನಲ್ಲಿ ಬಹಳ ಅಂತರ ಇರುತ್ತದೆ. ಜೊತೆಯಲ್ಲಿ ಓದಿದ ಗೆಳೆಯರು ಅಷ್ಟರಲ್ಲಿ ಬಿ.ಕಾಂ., ಬಿ.ಇ. ಮುಗಿಸಿ ಎರಡು ಮೂರು ವರ್ಷ ದುಡಿದಿರುತ್ತಾರೆ.

ಇನ್ನು ಕೈಗೆ ಬರುವ ದುಡ್ಡು. ಅಗ್ನಿವೀರನ ಮಾಸಿಕ ಪ್ಯಾಕೇಜ್ ಮೊದಲ ವರ್ಷ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ ರೂಪಾಯಿ. ಅದರಲ್ಲಿ ಶೇ 30 ಸೇವಾ ನಿಧಿಗೆ ಹೋಗುತ್ತದೆ, ಅಷ್ಟೇ ಹಣವನ್ನು ಸರ್ಕಾರ ಸೇರಿಸುತ್ತದೆ. ನಾಲ್ಕು ವರ್ಷಕ್ಕೆ ಅವನ ಪಾಲು ಸುಮಾರು 5.02 ಲಕ್ಷ, ಸರ್ಕಾರದ್ದು ಅಷ್ಟೇ, ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ತೆರಿಗೆ ಇಲ್ಲದೆ ಕೈಗೆ ಬರುತ್ತದೆ. ಹಳ್ಳಿಯಲ್ಲಿ ಇದು ದೊಡ್ಡ ಮೊತ್ತವಾಗಿ ಕೇಳಿಸುತ್ತದೆ. ವ್ಯಾಪಾರ ಬಲ್ಲ ಮನೆತನಗಳು ಈ ಲೆಕ್ಕವನ್ನು ಬಾಯಲ್ಲೇ ಹಾಕಬಲ್ಲವು: ಶೇ 7ರ ಬಡ್ಡಿಗೆ ಇಟ್ಟರೆ ತಿಂಗಳಿಗೆ ಸುಮಾರು 6,800 ರೂಪಾಯಿ. ಕೊನೆಯ ವರ್ಷ ಅವನ ಕೈಗೆ ಬರುತ್ತಿದ್ದುದು 28 ಸಾವಿರ, ಊಟ ವಸತಿ ಬೇರೆ. ಸೇವಾ ನಿಧಿ ಒಂದು ದಾರಿಯನ್ನು ಆರಂಭಿಸಲು ಸಾಕಾಗುವ ಬಂಡವಾಳ, ಕೂತು ತಿನ್ನಲು ಸಾಕಾಗುವ ಆಸ್ತಿಯಲ್ಲ.

ಮೊತ್ತ ಬರುವ ತಿಂಗಳು ಮನೆಗೆ ಬರುವವರ ಸಂಖ್ಯೆಯೂ ಹೆಚ್ಚುತ್ತದೆ. ವಿಮೆಯವರು, ಸೈಟಿನವರು, ಹಣ ಎರಡರಷ್ಟು ಮಾಡಿಕೊಡುತ್ತೇವೆ ಎನ್ನುವವರು, ನೌಕರಿ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರು. ನಿವೃತ್ತ ಜವಾನರ ಮನೆಗಳು ಇದನ್ನು ಹಿಂದಿನಿಂದಲೂ ಕಂಡಿವೆ. ಒಳಗಿನ ಒತ್ತಡ ಇನ್ನೂ ಸೂಕ್ಷ್ಮ: ಅಕ್ಕನ ಮದುವೆ, ಬೋರ್‌ವೆಲ್, ಅಣ್ಣನ ಟ್ರ್ಯಾಕ್ಟರ್ ಸಾಲ. ಅವೆಲ್ಲ ನ್ಯಾಯವಾದ ಅಗತ್ಯಗಳೇ. ಆದರೆ ನಾಲ್ಕು ವರ್ಷ ದುಡಿದವನ ಮುಂದಿನ ಬದುಕಿಗೆ ಎಂದು ಇಟ್ಟ ಹಣ ಆರು ತಿಂಗಳಲ್ಲಿ ಕರಗಿದರೆ ಆಮೇಲೆ ಅವನು ಯಾವ ಕೋರ್ಸಿಗೂ ಸೇರಲಾರ, ಯಾವ ಅಂಗಡಿಯನ್ನೂ ಹಾಕಲಾರ. ಬೆಳಗಾವಿ, ಬಾಗಲಕೋಟೆ, ಧಾರವಾಡ ಭಾಗದ ಜೈನ ರೈತ ಮನೆಗಳಲ್ಲಿ ಹೊಲ ಇನ್ನೂ ಜಂಟಿಯಾಗಿರುವುದು ಉಂಟು. ರಜೆಗೆ ಬಂದು ಹೋಗುತ್ತಿದ್ದವನು ಕಾಯಂ ಬಂದಾಗ ಹೊಲದಲ್ಲಿ ಅವನ ಪಾಲಿನ ದುಡಿಮೆ ಯಾವುದು, ಪಾಲು ಯಾವುದು ಎಂಬ ಮಾತು ಬೇಗ ಆಡಿಕೊಂಡಷ್ಟೂ ಅಣ್ಣ ತಮ್ಮಂದಿರ ನಡುವೆ ಕಹಿ ಕಡಿಮೆ.

ಮದುವೆಯ ವಿಷಯವನ್ನೂ ಬಿಡುವಂತಿಲ್ಲ. ವಧು–ವರರ ಸಮಾವೇಶಗಳಲ್ಲಿ ‘ಆರ್ಮಿ’ ಎಂದು ಬರೆದ ಪರಿಚಯ ಪತ್ರಕ್ಕೆ ಒಂದು ಕಾಲದಲ್ಲಿ ಬೆಲೆ ಇದ್ದದ್ದು ಪಿಂಚಣಿಯ ಕಾರಣಕ್ಕೆ. ಈಗ ಹೆಣ್ಣಿನ ಕಡೆಯವರು ‘ಪರ್ಮನೆಂಟಾ, ನಾಲ್ಕು ವರ್ಷದ್ದಾ?’ ಎಂದು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಕೆಲಸ ಹುಡುಕುವ ಒತ್ತಡದ ಮೇಲೆ ಇದೂ ಸೇರಿ, ಸಿಕ್ಕ ಮೊದಲ ಕೆಲಸಕ್ಕೆ ಹುಡುಗ ಬೀಳುವುದಕ್ಕೆ ಕಾರಣವಾಗುತ್ತದೆ.

ಸ್ವಂತ ಉದ್ಯಮ ಆರಂಭಿಸುವವರಿಗೆ ಒಂದು ಮುಖ್ಯ ಸಂಗತಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮಗಳಲ್ಲಿ ಮಾಜಿ ಸೈನಿಕರು ‘ವಿಶೇಷ ವರ್ಗ’ಕ್ಕೆ ಸೇರುತ್ತಾರೆ. ಸ್ವಂತ ಬಂಡವಾಳ ಶೇ 5 ಹಾಕಿದರೆ ಸಾಕು, ಸಹಾಯಧನ ನಗರದಲ್ಲಿ ಶೇ 25, ಗ್ರಾಮೀಣ ಭಾಗದಲ್ಲಿ ಶೇ 35. ಅಗ್ನಿವೀರನಿಗೆ ಮಾಜಿ ಸೈನಿಕ ಸ್ಥಾನಮಾನ ಇಲ್ಲದ ಕಾರಣ ಈ ಬಾಗಿಲು ಅವನಿಗೆ ಮುಚ್ಚಿದೆ. ಆದರೆ ಅದೇ ವಿಶೇಷ ವರ್ಗದಲ್ಲಿ ಅಲ್ಪಸಂಖ್ಯಾತರೂ ಇದ್ದಾರೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ್ದರಿಂದ, ಜೈನ ಕುಟುಂಬದ ಅಗ್ನಿವೀರ ಸೈನಿಕನೆಂಬ ನೆಲೆಯಲ್ಲಿ ಸಿಗದ ಸೌಲಭ್ಯವನ್ನು ಅಲ್ಪಸಂಖ್ಯಾತನೆಂಬ ನೆಲೆಯಲ್ಲಿ ಕೇಳಬಹುದು. ಅದಕ್ಕೆ ಪ್ರಮಾಣಪತ್ರ ಕೈಯಲ್ಲಿರಬೇಕು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲ ಯೋಜನೆಗಳನ್ನೂ ವಿಚಾರಿಸಬೇಕು. ನಿಯಮಗಳು ಬದಲಾಗುತ್ತಿರುತ್ತವೆ; ಯೋಜನಾ ವರದಿ ಬರೆಸುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಸದ್ಯದ ಸ್ಥಿತಿ ಕೇಳಿಕೊಳ್ಳುವುದು ಒಳಿತು. ನಿವೃತ್ತ ಜವಾನರಾದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಉದ್ಯೋಗಕ್ಕಾಗಿ ಹೆಸರು ನೋಂದಾಯಿಸುವುದನ್ನು ಮರೆಯಬಾರದು. ಗುರುತಿನ ಚೀಟಿಗೆಂದು ಒಮ್ಮೆ ಹೋದವರು ಆ ಕಡೆ ಮತ್ತೆ ತಲೆ ಹಾಕುವುದಿಲ್ಲ.

ಈ ವಿಷಯದಲ್ಲಿ ಜೈನ ಸಮಾಜ ಮೇಜಿನ ಎರಡೂ ಕಡೆ ಕೂತಿದೆ. ಮಗನನ್ನು ಸೇನೆಗೆ ಕಳಿಸಿದ ಮನೆಗಳು ಒಂದು ಕಡೆ, ಕೆಲಸ ಕೊಡಬಲ್ಲ ಮನೆಗಳು ಇನ್ನೊಂದು ಕಡೆ. ಜವಳಿ, ಔಷಧ, ಬೇಳೆ ಮಿಲ್ಲು, ಸಾರಿಗೆ, ಶಾಲಾ ಕಾಲೇಜು, ಆಸ್ಪತ್ರೆ, ಆಭರಣ ವ್ಯಾಪಾರ: ರಾಜ್ಯದಾದ್ಯಂತ ಹರಡಿರುವ ಈ ಸಂಸ್ಥೆಗಳಿಗೆ ದಾಸ್ತಾನು ನೋಡುವವರು, ವಾಹನ ನೋಡುವವರು, ಹಾಸ್ಟೆಲ್ ನಡೆಸುವವರು, ಯಂತ್ರ ದುರಸ್ತಿ ಮಾಡುವವರು ನಿತ್ಯವೂ ಬೇಕು. 2022ರ ಜೂನ್‌ನಲ್ಲಿ ಆನಂದ್ ಮಹೀಂದ್ರಾ ಸೇರಿದಂತೆ ಕೆಲವು ದೊಡ್ಡ ಉದ್ಯಮಿಗಳು ಅಗ್ನಿವೀರರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಸಿದ್ಧ ಎಂದಿದ್ದರು. ದೊಡ್ಡ ಸಮೂಹಗಳು ಎಷ್ಟು ಜನರನ್ನು ತೆಗೆದುಕೊಂಡಾವು ಎಂಬುದು ಮುಂದೆ ಗೊತ್ತಾಗುತ್ತದೆ. ಜಿಲ್ಲಾ ಕೇಂದ್ರದ ಮಧ್ಯಮ ಗಾತ್ರದ ವ್ಯಾಪಾರಸ್ಥ ಇಬ್ಬರನ್ನು ತೆಗೆದುಕೊಳ್ಳಲು ಯಾವ ಪ್ರಕಟಣೆಯೂ ಬೇಕಿಲ್ಲ.

ಅದಕ್ಕೆ ಸಂದರ್ಶನದ ರೀತಿ ಸ್ವಲ್ಪ ಬದಲಾಗಬೇಕು. ‘ಮಿಲಿಟರಿಯಲ್ಲಿ ಇದ್ರಾ? ನಮಗೆ ರಾತ್ರಿ ಪಾಳಿಗೆ ಒಬ್ರು ಬೇಕಾಗಿತ್ತು’ ಎಂಬಲ್ಲಿಗೆ ಮಾತು ಮುಗಿಯುವ ಬದಲು ‘ಅಲ್ಲಿ ನಿಮ್ಮ ಕೈಯಲ್ಲಿ ಯಾವ ಕೆಲಸ ಇತ್ತು, ಎಷ್ಟು ಜನ ಇದ್ದರು?’ ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಮೊದಲ ಮೂರು ತಿಂಗಳು ಜಿಎಸ್‌ಟಿ ಬಿಲ್ಲು, ಟ್ಯಾಲಿ, ಗಿರಾಕಿಯ ಜೊತೆ ಚೌಕಾಸಿ ಇವೆಲ್ಲ ಅವನಿಗೆ ಹೊಸದು. ಆದೇಶ ಕೇಳಿ ಅಭ್ಯಾಸವಾದವನಿಗೆ, ದಿನಕ್ಕೊಂದು ಮಾತು ಹೇಳುವ ಮಾಲೀಕನ ಅಂಗಡಿ ಗೊಂದಲದ ಗೂಡಾಗಿ ಕಾಣುವುದೂ ಸಹಜ. ಹಳೆಯ ಗುಮಾಸ್ತರೊಬ್ಬರ ಜೊತೆ ಕೂರಿಸಿದರೆ ಕಲಿಯುತ್ತಾನೆ. ಕಲಿಯುವುದೇ ಅವನ ವೃತ್ತಿಯಾಗಿತ್ತು.

ಸಂಬಳದ ವಿಷಯದಲ್ಲಿ ಹಳೆಯ ರೂಢಿಯೊಂದು ಈ ಬಾರಿ ನಡೆಯುವುದಿಲ್ಲ. ನಿವೃತ್ತ ಜವಾನನಿಗೆ ‘ಪಿಂಚಣಿ ಬರುತ್ತದಲ್ಲ’ ಎಂದು ಮೂರ್ನಾಲ್ಕು ಸಾವಿರ ಕಡಿಮೆ ಕೊಡುವ ಅಭ್ಯಾಸ ಅನೇಕ ಕಡೆ ಇದೆ. ಪಿಂಚಣಿ ಅವನು ಮಾಡಿ ಮುಗಿಸಿದ ಸೇವೆಗೆ ದೇಶ ಕೊಡುವ ಹಣ. ಈಗಿನ ಮಾಲೀಕನಿಗೆ ಸಿಕ್ಕ ರಿಯಾಯಿತಿ ಅಲ್ಲ. 2027ರ ಆರಂಭದಿಂದ ಕೆಲಸ ಕೇಳಿಕೊಂಡು ಬರುವ ಅಗ್ನಿವೀರನ ಹಿಂದೆ ಆ ಪಿಂಚಣಿಯೂ ಇರುವುದಿಲ್ಲ. ಹಿಂದಿನ ತಿಂಗಳವರೆಗೆ 28 ಸಾವಿರ ಕೈಗೆ ಪಡೆದು, ಊಟ ವಸತಿಯ ಚಿಂತೆ ಇಲ್ಲದೆ ಇದ್ದವನಿಗೆ ಹನ್ನೆರಡು ಸಾವಿರ ಹೇಳಿದರೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ, ಅಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುತ್ತಾನೆ. ಊರಿನ ಗೋದಾಮಿಗೆ ಆಗಲೂ ನಂಬಿಕಸ್ಥ ಮನುಷ್ಯ ಸಿಕ್ಕಿರುವುದಿಲ್ಲ.